ಸಾಬಾ ಮೇಷ್ಟ್ರು

ನಾವು ಹಳ್ಳಿ ಶಾಲೆ ಮೇಷ್ಟ್ರುಗಳು. ಚಿಕ್ಕವರಿದ್ದಾಗ 'ಹಾಲು' ಅನ್ನೋ ಬದಲು 'ಆಲು' ಅಂದದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಮೇಷ್ಟ್ರೂ ನಕ್ಕಿದ್ದರು. ಆಮೇಲೆ ಎಷ್ಟೋ ದಿನ ನಾವು ಬಾಯೇ ಬಿಡಲಿಲ್ಲ. ಅದಕ್ಕೇ ಇರಬೇಕು, ನಾರ್ವೆಯ ಇಸಾಕ್ ಸಾಬಾ ಎಂಬ ಮೇಷ್ಟ್ರ ಕಥೆ ಓದಿದಾಗ ಅವರು ದೂರದವರು ಅನ್ನಿಸಲಿಲ್ಲ.

ಸಾಬಾ ಹುಟ್ಟಿದ್ದು 1875ರಲ್ಲಿ, ನಾರ್ವೆಯ ಉತ್ತರದ ತುದಿಯಲ್ಲಿರುವ ಫಿನ್‌ಮಾರ್ಕ್‌ನ ನೆಸ್ಸೆಬಿಯಲ್ಲಿ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಮೂಡದ ಸೀಮೆ. ಕಡಲಲ್ಲಿ ಮೀನು ಹಿಡಿದು, ಹಿಮಸಾರಂಗ ಮೇಯಿಸಿ ಬದುಕುತ್ತಿದ್ದ ಸಾಮಿ ಜನ. ನೆಲ ಅವರದು, ಕಾನೂನು ಮಾತ್ರ ದಕ್ಷಿಣದ ದೊಡ್ಡವರದು.

1898ರಲ್ಲಿ ಸರ್ಕಾರದ ಸುತ್ತೋಲೆ ಬಂತು. ಶಾಲೆಯಲ್ಲಿ ಸಾಮಿ ಮಾತು ತೀರಾ ಬೇಕಾದಷ್ಟೇ ಇರಬೇಕು. 1902ರಲ್ಲಿ ಜಮೀನು ಮಾರಾಟದ ಕಾನೂನು ಬಂತು. ನಾರ್ವೇಜಿಯನ್ ಆಡೋಕೆ, ಓದೋಕೆ, ಬರೆಯೋಕೆ ಬಂದು, ದಿನಾ ಅದನ್ನೇ ಬಳಸೋರಿಗೆ ಮಾತ್ರ ಫಿನ್‌ಮಾರ್ಕ್‌ನಲ್ಲಿ ಸರ್ಕಾರಿ ಜಮೀನು. ಅಂದರೆ ನಾಲಿಗೆ ಕೊಟ್ಟು ನೆಲ ಕೊಳ್ಳಬೇಕು!

ಸಾಬಾ ಮೇಷ್ಟ್ರು ಇದನ್ನು ಸಹಿಸಲಿಲ್ಲ. 1906ರಲ್ಲಿ ಕಾರ್ಮಿಕ ಪಕ್ಷದಿಂದ ಚುನಾವಣೆಗೆ ನಿಂತರು. ಕೂಲಿಯವರ, ಮೀನುಗಾರರ ಹಕ್ಕಿನ ಜೊತೆಗೇ ಸಾಮಿ ಮಾತಿನ ಹಕ್ಕನ್ನೂ ಕೇಳಿದರು. ಹೊಟ್ಟೆ ಬೇರೆ, ಬಾಯಿ ಬೇರೆ ಅನ್ನಲಿಲ್ಲ. ಗೆದ್ದು ನಾರ್ವೆಯ ಸಂಸತ್ತಿಗೆ ಹೋದ ಮೊದಲ ಸಾಮಿ ಆದರು. ಅದೇ ವರ್ಷ, ಆಂಡರ್ಸ್ ಲಾರ್ಸೆನ್ ಎಂಬ ಇನ್ನೊಬ್ಬ ಸಾಮಿ ಮೇಷ್ಟ್ರು ನಡೆಸುತ್ತಿದ್ದ ಸಾಮಿ ಪತ್ರಿಕೆಯಲ್ಲಿ ಸಾಬಾ ತಮ್ಮ ಜನದ ಮೇಲೆ ಬರೆದ ಹಾಡು ಅಚ್ಚಾಯಿತು. ಶಾಲೆಯಿಂದ ಹೊರಗೆ ಹಾಕಿದ ಮಾತಿನಲ್ಲೇ.

1912ರವರೆಗೆ ಸಂಸತ್ತಿನಲ್ಲಿದ್ದರು. ಕಾನೂನು ಅಲ್ಲಾಡಲಿಲ್ಲ. 1921ರಲ್ಲಿ ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ.

ಗೆಳೆಯರೇ, ನಮ್ಮನ್ನು ಕೊರೆಯೋದು ಮುಂದಿನ ಮಾತು. ಅವರದೇ ಕಾರ್ಮಿಕ ಪಕ್ಷ 1935ರಲ್ಲಿ ಅಧಿಕಾರಕ್ಕೆ ಬಂತು. ಮುದುಕರಿಗೆ ಪಿಂಚಣಿ ಕೊಟ್ಟಿತು, ಕೂಲಿಯವರಿಗೆ ರಜೆ ಕೊಟ್ಟಿತು. ಸಣ್ಣ ಕೆಲಸವಲ್ಲ ಅದು. ಆದರೆ 1902ರ ಆ ಕಾನೂನು ಹೋಗೋಕೆ 1965 ಬರಬೇಕಾಯಿತು. ಬಡವರ ಪಕ್ಷಕ್ಕೂ ಬಡವರೊಳಗಿನ ಬಡವರು ಕಾಣಲಿಲ್ಲ. ಸಾಬಾ ಬರೆದ ಹಾಡು 1986ರಲ್ಲಿ ಸಾಮಿ ಜನರೆಲ್ಲರ ಹಾಡಾಯಿತು. 1989ರಲ್ಲಿ ಅವರದೇ ಸಾಮಿ ಸಂಸತ್ತು ಶುರುವಾಯಿತು. ನಾರ್ವೆಯ ಸಂಸತ್ತು ತಪ್ಪಾಯಿತು ಅಂದದ್ದು 2024ರಲ್ಲಿ. ಆಗ ಸಾಬಾ ಮೇಷ್ಟ್ರು ಸತ್ತು 103 ವರ್ಷ.

ಮೊನ್ನೆ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು 'ಆಲು' ಅಂದಳು. ಹುಡುಗರು ನಕ್ಕವು. ನಮ್ಮ ತುಟಿಯ ಮೇಲೂ ನಗೆ ಬರುತ್ತಿತ್ತು, ನಿಂತಿತು. "ಬರೆಯುವಾಗ ಹಾಲು ಅಂತ ಬರಿ ಮಗಾ. ನಿಮ್ಮವ್ವನ ಹತ್ತಿರ ಆಲು ಅಂತಲೇ ಕೇಳು" ಅಂದೆವು. ಅವಳು ತಲೆ ಎತ್ತಿ ಇನ್ನೊಂದು ಸಾಲು ಓದಿದಳು.