ಗುರುತು ಹಾಕಿದ ಕಲ್ಲುಗಳು

ಹಂಪೆಗೆ ಬಂದವರೆಲ್ಲ ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥ ನೋಡಿ, ಬಿಸಿಲಿಗೆ ಸಾಕಾಗಿ ಬಸ್ಸು ಹತ್ತಿಬಿಡುತ್ತೀರಿ. ಮುಂದಿನ ಸಾರಿ ಬಂದಾಗ, ಅಕ್ಕಂದಿರಾ, ಮಹಾನವಮಿ ದಿಬ್ಬದ ಹತ್ತಿರದ ಪುಷ್ಕರಣಿಯ ಮುಂದೆ ಹತ್ತು ನಿಮಿಷ ನಿಲ್ಲಿ.

ನಮ್ಮದು ಹೊಸಪೇಟೆ. ಹಂಪೆ 13 ಕಿಲೋಮೀಟರು ಅಷ್ಟೆ. ಆದರೂ ಅದನ್ನು ಸರಿಯಾಗಿ ನೋಡಿದ್ದು ಕಂಪ್ಲಿಯ ತವರಿನವರು, ಸಂಡೂರಿನ ನಾದಿನಿ ಕೂಡಿ ಬಂದಾಗ. ಸಜ್ಜೆರೊಟ್ಟಿ, ಶೇಂಗಾಚಟ್ನಿ ಬುತ್ತಿ ಕಟ್ಟಿಕೊಂಡು ಹೋಗಿದ್ವಿ.

ಆ ವಾರವೇ ನಮ್ಮ ಹಳೇಮನೆ ಕೆಡವಿಸಿದ್ದರು. ಹಾಸುಬಂಡೆ, ಬಾಗಿಲ ಮೆಟ್ಟಿಲು, ಅತ್ತೆ ನಲವತ್ತು ವರ್ಷ ಬಟ್ಟೆ ಒಗೆದ ಕಲ್ಲು, ಎಲ್ಲ ಅಂಗಳದಲ್ಲಿ ರಾಶಿ. ಮರುದಿನ ಟ್ರ್ಯಾಕ್ಟರಿಗೆ ಹೇರುವುದಿತ್ತು. ಅತ್ತೆ ಊಟ ಮಾಡುತ್ತಿದ್ದರು, ಮಾತು ಬಿಟ್ಟಿದ್ದರು.

ಪುಷ್ಕರಣಿ 1980ರ ದಶಕದ ಅಗೆತದಲ್ಲಿ ಹೊರಬಂದದ್ದು. 5 ಅಂತಸ್ತು, ಒಂದೊಂದಕ್ಕೂ ಪುಟ್ಟ ಪುಟ್ಟ ಮೆಟ್ಟಿಲು. ಸುತ್ತಲ ಗುಡ್ಡದ ಕಲ್ಲಿನಂತಲ್ಲ, ಇದು ಕರಿಕಲ್ಲು. ಕಲ್ಲುಗಳ ಮೇಲೆ ಅದರ ದಿಕ್ಕು, ಸಾಲು, ಜಾಗ ತಿಳಿಸುವ ಗುರುತು ಕೊರೆದಿದ್ದಾರೆ. ಬೇರೆ ಕಡೆಯ ಹಳೆಯ ಕೊಳವನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿರಬೇಕು ಅಂತ ಕೆಲವು ಬಲ್ಲವರ ಊಹೆ.

ಅತ್ತೆ ಆಗ ಬಾಯಿಬಿಟ್ಟರು: "ಅರಸರೇ ಹಳೇಕಲ್ಲು ಒಗೀಲಿಲ್ಲ. ನಾವು ಒಗೀತೀವೇನು?"

ನಮ್ಮವರು ಸುಮ್ಮನಾದರು. ಟ್ರ್ಯಾಕ್ಟರು ಬರಲಿಲ್ಲ.

ಮಕ್ಕಳು ನೀಲಿ ಬಣ್ಣದಲ್ಲಿ ಕಲ್ಲುಗಳಿಗೆ ನಂಬರು ಬರೆದರು. ನಿಮ್ಮಲ್ಲೂ ಮನೆ ಕೆಡವುವುದಿದ್ದರೆ ಬಿಚ್ಚುವ ಮುಂಚೆಯೇ ಬರೆಯಿರಿ, ಆಮೇಲೆ ಒದ್ದಾಟವಿಲ್ಲ. ಹಿತ್ತಲಲ್ಲಿ ನೆಲ ಅಗೆದು ದಮ್ಮಸು ಮಾಡಿ, ನಾಲ್ಕು ಬೆರಳು ಮರಳು ಹರವಿ ಬಂಡೆ ಕೂರಿಸಿ. ಸಿಮೆಂಟು ಬೇಡ. ಸಂದಿಯಲ್ಲಿ ಮಳೆನೀರು ಇಂಗುತ್ತದೆ. ಎರೆಮಣ್ಣಿದ್ದರೆ ಮರಳು ಇನ್ನಷ್ಟು ದಪ್ಪಗಿರಲಿ, ಇಲ್ಲವಾದರೆ ಮಳೆಗಾಲದಲ್ಲಿ ಕಲ್ಲು ಅಲುಗುತ್ತದೆ. ಒಡೆದ ಹೆಂಚನ್ನು ನಿಲ್ಲಿಸಿ ಹೂವಿನ ಪಾತಿಗೆ ಅಂಚು ಕಟ್ಟಬಹುದು. ಸುಣ್ಣದ ಗಾರೆಯ ಚೂರನ್ನು ಮಾತ್ರ ಗಿಡದ ಬುಡಕ್ಕೆ ಹಾಕಬೇಡಿ.

ಇನ್ನೊಂದು ಮಾತು. ಹಂಪೆಯಲ್ಲಿ ಬಿದ್ದ ಕಲ್ಲು ಎಷ್ಟೇ ಚಂದವಿರಲಿ, ಮುಟ್ಟಬೇಡಿ. 1986ರಿಂದ ಅದು ವಿಶ್ವಪರಂಪರೆಯ ತಾಣ. ಬಿದ್ದ ಜಾಗವೇ ಆ ಕಲ್ಲಿನ ವಿಳಾಸ. ಎತ್ತಿ ತಂದರೆ ಅದು ಬರೀ ಕಲ್ಲು. ನಮ್ಮ ಮನೆಯದ್ದು ನಮ್ಮದು, ಅದರ ಸಂಗತಿ ಬೇರೆ.

ಒಗೆಯುವ ಕಲ್ಲು ಈಗ ತುಳಸಿಕಟ್ಟೆಯ ಪಕ್ಕದಲ್ಲಿದೆ. ಸಂಜೆ ಅತ್ತೆ ಅದರ ಮೇಲೆ ಕೂತು ಹೂ ಕಟ್ಟುತ್ತಾರೆ. ನೀಲಿ ನಂಬರು ತಿಕ್ಕಿ ತೆಗೆಯಲೇ ಅಂದೆ. "ಇರಲಿ ಬಿಡವ್ವಾ, ಮುಂದೆ ಯಾರಾದರೂ ಬಿಚ್ಚಿದರೆ ಬೇಕಾಗ್ತದ" ಅಂದರು.