ಮಿರಜದ ಶಸ್ತ್ರವೈದ್ಯರು

ಉದರಶೂಲೆಯನ್ನು ಪೂರ್ವಕರ್ಮದ ಫಲವೆಂದು ಎಣಿಸುವುದು ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಬಹುಕಾಲದ ರೂಢಿಯಾಗಿತ್ತು. ಮಾನವಿಯ ಜಗನ್ನಾಥದಾಸರು ಇಲ್ಲದ ಹೊಟ್ಟೆನೋವಿನ ನೆವದಿಂದ ವಿಜಯದಾಸರ ಕರೆಯನ್ನು ತಪ್ಪಿಸಿಕೊಂಡು, ನಿಜವಾದ ರೋಗಕ್ಕೇ ತುತ್ತಾದರೆಂಬ ಐತಿಹ್ಯವನ್ನು ಇಲ್ಲಿ ಕೇಳದವರು ವಿರಳ. ಚಂದ್ರಂಪಳ್ಳಿಯಂತಹ ಗ್ರಾಮದ ರೋಗಿಗೆ ಹರಕೆಯೇ ಮೊದಲ ಔಷಧವು. ಹೊಟ್ಟೆಯನ್ನು ಸೀಳುವುದೆಂದರೆ ಮರಣಕ್ಕೆ ಮತ್ತೊಂದು ಹೆಸರು.

ಆದರೂ ಆ ಸಾಹಸವು ಭಾರತೀಯರಿಗೆ ಅಪರಿಚಿತವಾದುದಲ್ಲ. ನಾಭಿಯ ಕೆಳಗೆ ಎಡಭಾಗದಲ್ಲಿ ಉದರವನ್ನು ಸೀಳಿ, ಕರುಳನ್ನು ಹೊರತೆಗೆದು ಪರೀಕ್ಷಿಸಿ, ತಡೆಯನ್ನು ನಿವಾರಿಸುವ ಕ್ರಮವು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿದೆ. ಕರುಳು ತೂತಾಗಿದ್ದರೆ ಅದರ ಅಂಚುಗಳನ್ನು ಕೂಡಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ದೇಹವನ್ನು ತೆಗೆದು ತಲೆಗಳನ್ನು ಅಲ್ಲಿಯೇ ಉಳಿಸಬೇಕಂತೆ. ಶಿಷ್ಯನು ಮೊದಲು ಕುಂಬಳ, ಸೌತೆಗಳ ಮೇಲೆ ಕೈಯನ್ನು ಪಳಗಿಸಬೇಕೆಂಬ ವಿಧಿಯೂ ಉಂಟು. ಕಾಲಕ್ರಮದಲ್ಲಿ ಗ್ರಂಥವು ಉಳಿಯಿತು. ಪಳಗಿದ ಕೈಯು ಉಳಿಯಲಿಲ್ಲ. ಸೂತ್ರವನ್ನು ಹೇಳಬಲ್ಲ ಪಂಡಿತರಿದ್ದರು, ಶಸ್ತ್ರವನ್ನು ಹಿಡಿಯಬಲ್ಲವರು ದುರ್ಲಭರಾದರು.

ಇಂತಹ ಕಾಲದಲ್ಲಿ ಕನ್ನಡ ಮರಾಠಿಗಳೆರಡೂ ಕಲೆಯುವ ಗಡಿಗೆ ಬಂದವರು ವಿಲಿಯಂ ಜೇಮ್ಸ್ ವಾನ್ಲೆಸ್ ಅವರು. 1865ರಲ್ಲಿ ಕೆನಡಾದೇಶದಲ್ಲಿ ಜನಿಸಿ, ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1889ರಲ್ಲಿ ಅಮೇರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾಗಿ ಹಿಂದೂಸ್ಥಾನಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಚಿಕಿತ್ಸೆಯನ್ನಾರಂಭಿಸಿ, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದರು. ಅಥಣಿ, ಚಿಕ್ಕೋಡಿಗಳು ಅಲ್ಲಿಗೆ ದೂರವಲ್ಲ. 1927ರಲ್ಲಿ ಬಾರ್ಸಿ ಸಣ್ಣ ರೈಲು ಮಿರಜವನ್ನು ಮುಟ್ಟಿದ ಮೇಲೆ, ವಾಡಿಯಲ್ಲಿ ಗಾಡಿಯನ್ನೇರಿದವನೂ ಸೊಲ್ಲಾಪುರವನ್ನು ದಾಟಿ, ಕುರ್ಡುವಾಡಿಯಲ್ಲಿ ಗಾಡಿ ಬದಲಿಸಿ, ಪಂಢರಪುರದ ಮೇಲಿಂದ ಅಲ್ಲಿಗೆ ಹೋಗಬಹುದಾಯಿತು.

ಉದರದ ಶಸ್ತ್ರಕ್ರಿಯೆಯಲ್ಲಿ ಅವರ ಕೀರ್ತಿ ದೂರದೂರಕ್ಕೆ ಹಬ್ಬಿತು. ವ್ರಣದಿಂದ ಜಠರದ ಕೆಳಬಾಯಿ ಕಟ್ಟಿಹೋದರೆ ಉಂಡ ಅನ್ನವು ಕರುಳಿಗಿಳಿಯದೆ ರೋಗಿಯು ಸೊರಗಿ ಸಾಯುವನು. ಆಗ ಜಠರವನ್ನು ಸಣ್ಣಕರುಳಿಗೆ ನೇರವಾಗಿ ಹೊಲಿದು ಅನ್ನಕ್ಕೆ ಹೊಸ ದಾರಿಯನ್ನು ಮಾಡಿಕೊಡುವುದುಂಟು. 1881ರಲ್ಲಿ ವಿಯೆನ್ನಾ ನಗರದಲ್ಲಿ ವೋಲ್ಫ್ಲರ್ ಎಂಬ ವೈದ್ಯರು ಮೊದಲು ಮಾಡಿದ ಈ ಕ್ರಿಯೆಯು ವಾನ್ಲೆಸ್ಸರಿಂದ ಈ ಗಡಿನಾಡಿನ ಒಕ್ಕಲಿಗನಿಗೂ ಲಭ್ಯವಾಯಿತು.

ಆದರೆ ಅವರ ಮುಖ್ಯವಾದ ಕಾಣಿಕೆಯು ಬೇರೆಯೇ. 1897ರಲ್ಲಿ ವೈದ್ಯಶಾಲೆಯನ್ನು ಸ್ಥಾಪಿಸಿ, ಈ ದೇಶದ ತರುಣರ ಕೈಗೆ ಶಸ್ತ್ರವನ್ನು ಕೊಟ್ಟರು. 1928ರಲ್ಲಿ ಸರ್ ಪದವಿಯು ಬಂದಿತು. 1933ರಲ್ಲಿ ಅಮೇರಿಕದಲ್ಲಿ ದೇಹವು ಬಿದ್ದಿತು. ಪದವಿಯು ದೇಹದೊಡನೆ ಹೋಯಿತು. ಕಲಿಸಿದ ಕೈಯು ಶಿಷ್ಯರಲ್ಲಿ ಉಳಿಯಿತು.

ಶಾಸ್ತ್ರವೊಂದನ್ನೇ ಅಥವಾ ಕರ್ಮವೊಂದನ್ನೇ ಬಲ್ಲ ವೈದ್ಯನನ್ನು ಸುಶ್ರುತರು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದ್ದಾರೆ. ಮುರಿದಿದ್ದ ಆ ಎರಡನೆಯ ರೆಕ್ಕೆಯನ್ನು ಕಟ್ಟಿದವರಲ್ಲಿ ಪರದೇಶದ ಈ ಆಚಾರ್ಯರೂ ಒಬ್ಬರೆಂದು ಒಪ್ಪುವುದರಿಂದ ಸುಶ್ರುತರ ಹಿರಿಮೆಗೆ ಕುಂದಿಲ್ಲ.