ಹೆದ್ದಾರಿ ಸೋತ ಊರುಗಳು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿ ಬರುವ ಕನ್ನಡದ ಅಪ್ಪ-ಅಮ್ಮಂದಿರು ನೋಡುವ ಜಾಗಗಳು ಹೆಚ್ಚುಕಮ್ಮಿ ಗೊತ್ತಾಗಿಹೋಗಿವೆ. ನಯಾಗರ ಜಲಪಾತ, ಗ್ರ್ಯಾಂಡ್ ಕ್ಯಾನ್ಯನ್, ಡಿಸ್ನಿ, ಶ್ವೇತಭವನದ ಬೇಲಿಯ ಮುಂದೊಂದು ಫೋಟೊ, ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನ. ಮೈಸೂರಿನ ಅಗ್ರಹಾರದ ಕಡೆಯ ಒಬ್ಬ ನಿವೃತ್ತ ಸಮಾಜ ಮೇಷ್ಟ್ರು ಮಾತ್ರ ಡಲ್ಲಾಸ್ ಪಕ್ಕದ ಉಪನಗರದಲ್ಲಿರುವ ಮಗಳ ಮನೆಯಲ್ಲಿ ಕೂತು ಬೇರೆಯದೇ ಬೇಡಿಕೆ ಇಟ್ಟರು. "ನನಗೆ ಏನೂ ತೋರಿಸಬೇಡಿ. ನಾಲ್ಕು ಜನ ಓಡಾಡೋ ಬೀದಿಯಲ್ಲಿ ನಡ್ಕೊಂಡು ಹೋಗಿ ಬರೋ ಹಾಗಿರೋ ಊರಿಗೆ ಕರ್ಕೊಂಡು ಹೋಗಿ, ಸಾಕು."

"ಇಲ್ಲೇ ಕೆರೆ ಸುತ್ತ ವಾಕಿಂಗ್ ಟ್ರೇಲ್ ಇದೆಯಲ್ಲ ಮಾವ?" ಎಂದರು ಅಳಿಯ.

"ಅದು ವ್ಯಾಯಾಮ ಕಣ್ರೀ. ನಾನು ಕೇಳ್ತಿರೋದು ಪೇಟೆ ಬೀದಿ."

ಮೇಷ್ಟ್ರ ಸಂಜೆಗಳನ್ನು ಬಲ್ಲವರಿಗೆ ಈ ಹಟ ಅರ್ಥವಾಗುತ್ತದೆ. ಮೈಸೂರಿನಲ್ಲಿ ಬಿಸಿಲು ಇಳಿಯುತ್ತಲೇ ಚಪ್ಪಲಿ ಮೆಟ್ಟಿ ಹೊರಟರೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ, ಸಯ್ಯಾಜಿರಾವ್ ರಸ್ತೆಯಲ್ಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳು, ದೇವರಾಜ ಅರಸು ರಸ್ತೆಯ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ರಾಜಕೀಯ. ಡಲ್ಲಾಸಿನ ಉಪನಗರದಲ್ಲಿ ಕಾಲುದಾರಿಗೇನೂ ಕೊರತೆಯಿರಲಿಲ್ಲ. ಹುಲ್ಲಿನ ಅಂಚಿಗೆ ನೀಟಾದ ಕಾಂಕ್ರೀಟು ದಾರಿ ಇತ್ತು, ಅದರ ಮೇಲೆ ಮೇಷ್ಟ್ರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಹಾಲು ಮಾರುವ ಅಂಗಡಿ ಮನೆಯಿಂದಲೇ ಕಾಣುತ್ತಿತ್ತು. ನಡುವೆ ಆರು ಲೇನಿನ ರಸ್ತೆ, ಅದನ್ನು ದಾಟಿದರೆ ಎಕರೆಗಟ್ಟಲೆ ಪಾರ್ಕಿಂಗ್. ಒಮ್ಮೆ ಕಾರಿನವರೊಬ್ಬರು ಪಕ್ಕಕ್ಕೆ ನಿಲ್ಲಿಸಿ, ಗಾಡಿ ಕೆಟ್ಟಿದೆಯೇ, ಎಲ್ಲಿಗಾದರೂ ಬಿಡಬೇಕೇ ಎಂದು ಅಕ್ಕರೆಯಿಂದಲೇ ವಿಚಾರಿಸಿಕೊಂಡರು. ಅಲ್ಲಿ ನಡೆಯುವವನೆಂದರೆ ಕಷ್ಟದಲ್ಲಿರುವವನು.

ಬೀದಿ ಮೂಲೆಯಲ್ಲಿ ಒಂದು ಚಿಲ್ಲರೆ ಅಂಗಡಿ ಯಾಕಿಲ್ಲ ಎಂಬುದಕ್ಕೆ ಉತ್ತರ ಅಲ್ಲಿನ ಜನರ ಸ್ವಭಾವದಲ್ಲಿಲ್ಲ, ಕಾನೂನಿನಲ್ಲಿದೆ. ಓಹಾಯೊ ರಾಜ್ಯದಲ್ಲಿ ಯೂಕ್ಲಿಡ್ ಎಂಬ ಊರಿದೆ, ರೇಖಾಗಣಿತದ ಯೂಕ್ಲಿಡ್ ಹೆಸರನ್ನೇ ಇಟ್ಟುಕೊಂಡದ್ದು. ಮನೆಗಳಿಗೊಂದು ವಲಯ, ಅಂಗಡಿಗಳಿಗೊಂದು, ಕಾರ್ಖಾನೆಗಳಿಗೊಂದು ಎಂದು ಗೆರೆ ಎಳೆಯುವ ಅಧಿಕಾರ ಊರಿಗಿದೆ ಎಂದು 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು ಈ ಊರಿನ ಮೊಕದ್ದಮೆಯಲ್ಲೇ. ಕಾರ್ಖಾನೆಯ ಹೊಗೆಯಿಂದ ಮನೆಗಳನ್ನು ಕಾಯುವುದು ನ್ಯಾಯವೇ ಸರಿ. ಆದರೆ ಹೊಗೆಯ ಜೊತೆಗೆ ದಿನಸಿ ಅಂಗಡಿ, ಕ್ಷೌರದಂಗಡಿಗಳೂ ದೂರ ಹೋದವು. ಮೂವತ್ತು ವರ್ಷದ ಮೇಲೆ, 1956ರಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆ 41,000 ಮೈಲಿ ಹೆದ್ದಾರಿಗೆ ದಾರಿ ಮಾಡಿತು. ಖರ್ಚಿನಲ್ಲಿ ನೂರಕ್ಕೆ 90 ಪಾಲು ಒಕ್ಕೂಟ ಸರ್ಕಾರದ್ದು. ಅಷ್ಟು ದುಡ್ಡು ಬಾಗಿಲಿಗೇ ಬಂದಾಗ ಯಾವ ಮೇಯರ್ ಬೇಡ ಎಂದಾನು? ಹೆದ್ದಾರಿಗಳು ಊರನ್ನು ಬಳಸಿ ಹೋಗಲಿಲ್ಲ, ನಡುವೆಯೇ ನುಗ್ಗಿದವು. ಬಲಿಯಾದದ್ದು ಬಹುಪಾಲು ಬಡವರ, ಕಪ್ಪು ಜನರ ಕೇರಿಗಳು. ನ್ಯೂ ಆರ್ಲಿಯನ್ಸಿನ ಕ್ಲೇಬೋರ್ನ್ ಅವೆನ್ಯೂದಲ್ಲಿ ಸಾಲುಗಟ್ಟಿ ನಿಂತಿದ್ದ ಹಳೆಯ ಓಕ್ ಮರಗಳನ್ನು 1966ರಲ್ಲಿ ಕಡಿದು, ಅಲ್ಲಿನ ಕಪ್ಪು ವ್ಯಾಪಾರಿಗಳ ಬೀದಿಯ ನೆತ್ತಿಯ ಮೇಲೆ ಮೇಲುರಸ್ತೆ ನಿಲ್ಲಿಸಿದರು. ಅದೇ ಊರಿನ ಫ್ರೆಂಚ್ ಕ್ವಾರ್ಟರ್ ಮುಂದೆ ನದಿ ದಂಡೆಯಲ್ಲಿ ಬರಬೇಕಿದ್ದ ಇನ್ನೊಂದು ಹೆದ್ದಾರಿ 1969ರಲ್ಲಿ ರದ್ದಾಯಿತು. ಇಂದು ಪ್ರವಾಸಿಗಳು ನಡೆಯುವುದು ಎಲ್ಲಿ ಎಂದು ಹೇಳಬೇಕಿಲ್ಲ.

ಮಗಳು ಲ್ಯಾಪ್‌ಟಾಪ್ ತೆಗೆದು 'ವಾಕ್ ಸ್ಕೋರ್' ತೋರಿಸಿದಳು. ಅಂಗಡಿ, ಶಾಲೆ, ಉದ್ಯಾನಗಳು ಕಾಲ್ನಡಿಗೆಗೆ ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿ ನೂರಕ್ಕೆ ಇಷ್ಟೆಂದು ಅಂಕ ಕೊಡುವ, 2007ರಲ್ಲಿ ಸಿಯಾಟಲಿನಲ್ಲಿ ಶುರುವಾದ ವ್ಯವಸ್ಥೆ. ದೊಡ್ಡ ಊರುಗಳ ಪೈಕಿ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಬಾಸ್ಟನ್ ಅದರಲ್ಲಿ ಮುಂದಿನ ಬೆಂಚಿನವು. ಆದರೆ ಜೀವಮಾನವಿಡೀ ಅಂಕ ಕೊಟ್ಟವರಾದ್ದರಿಂದ ಮೇಷ್ಟ್ರಿಗೆ ಅಂಕದ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಅವರು ಕೇಳತೊಡಗಿದ ಪ್ರಶ್ನೆಯೇ ಬೇರೆ. "ಇಲ್ಲಿಗೆ ಹೆದ್ದಾರಿ ಬಂತೇನಮ್ಮ? ಬರದಿದ್ರೆ, ತಡೆದೋರು ಯಾರು?" ಊರು ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರವಾಸಿ ಕೈಪಿಡಿಯೂ ಕೇಳಿದಂತಿಲ್ಲ.

ನ್ಯೂಯಾರ್ಕಿನ ಮಟ್ಟಿಗೆ ಉತ್ತರ ಜೇನ್ ಜೇಕಬ್ಸ್. ಗ್ರೀನಿಚ್ ವಿಲೇಜಿನ 555, ಹಡ್ಸನ್ ಸ್ಟ್ರೀಟ್ ಮನೆಯ ಕಿಟಕಿಯಿಂದ ಬೀದಿ ನೋಡುತ್ತಿದ್ದ ಪತ್ರಕರ್ತೆ. ಬೆಳಗ್ಗೆ ಬಾಗಿಲು ತೆರೆಯುವ ಅಂಗಡಿಯವರು, ಶಾಲೆಗೆ ಹೋಗುವ ಮಕ್ಕಳು, ರಾತ್ರಿ ಬಾರಿಗೆ ಬರುವವರು, ಇವರೆಲ್ಲರ ಕಣ್ಣು ಬೀದಿಯ ಮೇಲಿದ್ದರೆ ಅದೇ ದೊಡ್ಡ ಕಾವಲು ಎಂದು ಆಕೆ 1961ರ 'ದ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಪುಸ್ತಕದಲ್ಲಿ ವಾದಿಸಿದರು. ಜಗುಲಿಯ ಮೇಲೆ ಕೂತ ಅಜ್ಜಿಯರ ಕಣ್ತಪ್ಪಿಸಿ ಬೀದಿ ದಾಟಲಾಗದ ಅಗ್ರಹಾರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ರಾಬರ್ಟ್ ಮೋಸೆಸ್‌ಗೆ ಹೇಳಬೇಕಿತ್ತು. ನ್ಯೂಯಾರ್ಕಿನ ಸೇತುವೆ, ಹೆದ್ದಾರಿಗಳ ಆ ಸರದಾರನಿಗೆ ಮ್ಯಾನ್‌ಹ್ಯಾಟನ್ನಿನ ಕೆಳಭಾಗದಲ್ಲಿ, ಈಗಿನ ಸೋಹೊ ಮತ್ತು ಲಿಟ್ಲ್ ಇಟಲಿಗಳ ಮೇಲೆ, ಹತ್ತು ಲೇನಿನ ಮೇಲುರಸ್ತೆ ಕಟ್ಟುವ ಹಂಬಲ. 1962ರಲ್ಲಿ ನಗರಾಡಳಿತ ತಳ್ಳಿಹಾಕಿದ ಯೋಜನೆ ಮತ್ತೆ ತಲೆಯೆತ್ತಿತು. 1968ರ ಒಂದು ಸಾರ್ವಜನಿಕ ಸಭೆಯಲ್ಲಿ ಜೇಕಬ್ಸ್ ಬಂಧನಕ್ಕೂ ಒಳಗಾದರು. ಮರುವರ್ಷ ಯೋಜನೆ ನಕಾಶೆಯಿಂದಲೇ ಅಳಿಸಿಹೋಯಿತು. ಸೋಹೊದ ಬೀಡುಕಬ್ಬಿಣದ ಮುಂಗೋಡೆಯ ಕಟ್ಟಡಗಳ ಕೆಳಗೆ ಇಂದು ಓಡಾಡುವವರೆಲ್ಲ ನಡೆಯುತ್ತಿರುವುದು ಆ ಬರದೇ ಹೋದ ರಸ್ತೆಯ ಜಾಗದಲ್ಲಿ.

ಬ್ರಾಡ್‌ವೇ ಅದಕ್ಕಿಂತ ಹಳೆಯದು. 1811ರಲ್ಲಿ ಮೂವರು ಕಮಿಷನರುಗಳು ಮ್ಯಾನ್‌ಹ್ಯಾಟನ್ನಿಗೆ 12 ಅವೆನ್ಯೂ, 155 ಅಡ್ಡಬೀದಿಗಳ ಚೌಕುಳಿ ಹಾಕಿದರು. ಮೂಲನಿವಾಸಿಗಳ ಕಾಲುದಾರಿಯಿಂದ ಬೆಳೆದ ಬ್ರಾಡ್‌ವೇ ಮಾತ್ರ ಆ ಚೌಕುಳಿಗೆ ಬಗ್ಗದೆ ಓರೆಯಾಗಿ ಹರಿದುಕೊಂಡೇ ಹೋಯಿತು. ಅದು ಅವೆನ್ಯೂಗಳನ್ನು ಕತ್ತರಿಸಿದ ಕಡೆಗಳಲ್ಲೇ ಯೂನಿಯನ್ ಸ್ಕ್ವೇರ್, ಮ್ಯಾಡಿಸನ್ ಸ್ಕ್ವೇರ್, ಟೈಮ್ಸ್ ಸ್ಕ್ವೇರ್ ಹುಟ್ಟಿದವು. ಟೈಮ್ಸ್ ಸ್ಕ್ವೇರಿನಲ್ಲಿ 2009ರಲ್ಲಿ ಬ್ರಾಡ್‌ವೇಗೆ ಕಾರು ಬಾರದಂತೆ ತಡೆದು ಕುರ್ಚಿ ಹಾಕಿದರು. ಜನ ಬಂದು ಕೂತರು, ಅಷ್ಟೆ. ಇದನ್ನು ವಿಲಿಯಂ ವೈಟ್ ಎಂಬಾತ ಬಹಳ ಹಿಂದೆಯೇ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ತೋರಿಸಿದ್ದ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ಆತ ಕಂಡ ಇನ್ನೊಂದು ಸಂಗತಿ ಮೇಷ್ಟ್ರಿಗೆ ಬಹಳ ಹಿಡಿಸಿತು. ಪರಿಚಯದವರು ಸಿಕ್ಕರೆ ಮಾತಿಗೆ ಪಕ್ಕಕ್ಕೆ ಸರಿಯುವುದಿಲ್ಲ, ನಡುದಾರಿಯಲ್ಲೇ ನಿಲ್ಲುತ್ತಾರೆ. ಅರಸು ರಸ್ತೆಯಲ್ಲಿ ಇದಕ್ಕಾಗಿಯೇ ಮೇಷ್ಟ್ರು ಹೆಂಡತಿಯಿಂದ ಬೈಸಿಕೊಂಡದ್ದುಂಟು.

ಬಾಸ್ಟನ್ ಕಥೆಯಲ್ಲಿ ಹೆದ್ದಾರಿ ಮೊದಲು ಗೆದ್ದಿತ್ತು. 1950ರ ದಶಕದಲ್ಲಿ ಎದ್ದ ಮೇಲುರಸ್ತೆ ನಾರ್ತ್ ಎಂಡ್ ಎಂಬ ಇಟಾಲಿಯನ್ನರ ಕೇರಿಯನ್ನು ಊರಿನಿಂದ ಕಡಿದು ಹಾಕಿತು. ಅದನ್ನು ನೆಲದಡಿಯ ಸುರಂಗಕ್ಕಿಳಿಸಲು ಸುರಿದ ಹಣ, ಹಿಡಿದ ವರ್ಷಗಳು ಎರಡೂ ಕುಖ್ಯಾತ. ಮೇಲಿನ ಜಾಗ 2008ರಲ್ಲಿ ಉದ್ದನೆಯ ಉದ್ಯಾನವಾಗಿ ತೆರೆಯಿತು. ಈಗ ಎರಡೂವರೆ ಮೈಲಿಯ ಫ್ರೀಡಂ ಟ್ರೇಲಿನ ಕೆಂಪು ಗೆರೆ ಹಿಡಿದು ಹೊರಟರೆ ಈ ಉದ್ಯಾನ ದಾಟಿ ಹ್ಯಾನೋವರ್ ಸ್ಟ್ರೀಟಿನ ಕಾಫಿ ವಾಸನೆಗೆ ಸಿಕ್ಕಿಬೀಳಬಹುದು.

ಮೇಷ್ಟ್ರ ಮನಸ್ಸು ನಿಂತದ್ದು ದಕ್ಷಿಣದ ಸವಾನಾದಲ್ಲಿ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಹಾಕಿದ ಪ್ಲಾನು: ನಾಲ್ಕು ಹೆಜ್ಜೆಗೊಂದು ಚೌಕ. ಈಗ ಪ್ರತಿ ಚೌಕದಲ್ಲೂ ಮರ, ಬೆಂಚು. ಒಟ್ಟು 24 ಚೌಕಗಳಾದವು, 22 ಉಳಿದಿವೆ. ಪ್ರತಿ ಚೌಕದಲ್ಲೂ ಕಾರು ಸುತ್ತಿ ಬಳಸಬೇಕು, ನಡೆಯುವವನು ಮಾತ್ರ ನೇರ ಹೋಗಬಹುದು. ರಸ್ತೆಗಳು ಪಾದಚಾರಿಗೆ ಇಷ್ಟು ಮರ್ಯಾದೆ ಕೊಡುವುದು ಅಪರೂಪ. ಇಂಥ ಊರಿನಲ್ಲೂ 1954ರಲ್ಲಿ ಹಳೆಯ ಸಿಟಿ ಮಾರ್ಕೆಟ್ ಕೆಡವಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿದರು. ಅದನ್ನು ತಡೆಯಲಾಗದೆ ಹೊಟ್ಟೆ ಉರಿಸಿಕೊಂಡ ಏಳು ಮಂದಿ ಹೆಂಗಸರು ಮರುವರ್ಷ ಸಂಘ ಕಟ್ಟಿ, ಕೆಡವುವ ಸರದಿಯಲ್ಲಿದ್ದ 1820ರ ಡೇವನ್‌ಪೋರ್ಟ್ ಮನೆಯನ್ನು ಕೊಂಡು ಉಳಿಸಿದರು. ಊರು ಉಳಿದದ್ದು ಅಲ್ಲಿಂದ. ಮಾರುಕಟ್ಟೆಯಿದ್ದ ಎಲ್ಲಿಸ್ ಸ್ಕ್ವೇರ್ 2010ರಲ್ಲಿ ಮತ್ತೆ ಚೌಕವಾಯಿತು, ಕಾರುಗಳು ನೆಲದಡಿಗೆ ಹೋದವು. ಮಾರುಕಟ್ಟೆ ಕಟ್ಟಡ ಮಾತ್ರ ಮರಳಿ ಬರಲಿಲ್ಲ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗಳವನ್ನು ವರ್ಷಗಟ್ಟಲೆ ಕೇಳಿದ್ದ ಮೇಷ್ಟ್ರು ಎಲ್ಲಿಸ್ ಸ್ಕ್ವೇರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಊಟಕ್ಕೆ ತಡವಾಯಿತೆಂದು ಅಳಿಯ ಗಡಿಯಾರ ನೋಡಿದ್ದೇ ನೋಡಿದ್ದು.

ಮಂಡಿ ನೋವಿರುವವರು ಇನ್ನೊಂದು ಲೆಕ್ಕ ನೋಡಬೇಕು, ಒಂದು ಮೂಲೆಯಿಂದ ಮುಂದಿನ ಮೂಲೆಗೆ ಎಷ್ಟು ದೂರ. ಪೋರ್ಟ್‌ಲೆಂಡಿನ ಪೇಟೆಯಲ್ಲಿ ಅದು 200 ಅಡಿ, ಸಾಲ್ಟ್ ಲೇಕ್ ಸಿಟಿಯಲ್ಲಿ 660 ಅಡಿ, ಜೊತೆಗೆ ದಾಟಬೇಕಾದ ರಸ್ತೆಯ ಅಗಲ 132 ಅಡಿ. ಎರಡನೆಯದರಲ್ಲಿ ಒಂದು ತಿರುವಿಗೆ ಬರುವಷ್ಟರಲ್ಲಿ ಮೊದಲನೆಯದರಲ್ಲಿ ಮೂರು ತಿರುವು ಕಂಡಿರುತ್ತೀರಿ. ಪೋರ್ಟ್‌ಲೆಂಡ್ ನದಿ ದಂಡೆಯ ಹೆದ್ದಾರಿಯನ್ನು 1974ರಲ್ಲಿ ತಾನಾಗಿಯೇ ಮುಚ್ಚಿ ಉದ್ಯಾನ ಮಾಡಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಆ ಬುದ್ಧಿ ಬರಲು 1989ರ ಭೂಕಂಪ ಬೇಕಾಯಿತು. ಬಿರುಕುಬಿಟ್ಟ ಎಂಬಾರ್ಕಡೆರೊ ಹೆದ್ದಾರಿ 1991ರಲ್ಲಿ ಉರುಳಿದ ಮೇಲೆ ಸಮುದ್ರದಂಚು, 1898ರ ಫೆರ್ರಿ ಬಿಲ್ಡಿಂಗು ಮತ್ತೆ ಕಣ್ಣಿಗೆ ಬಿದ್ದವು. ಅಲ್ಲಿ ಶನಿವಾರದ ರೈತರ ಸಂತೆ ತಪ್ಪಿಸಬಾರದು.

ಮಕ್ಕಳು ಟಿಕೆಟ್ ತೆಗೆಯುವ ಮೊದಲೇ ಓದುಗರು ಹೇಳಿಬಿಡಬೇಕಾದ್ದು ಇಷ್ಟು. ಸವಾನಾಕ್ಕೆ ಬೇಸಿಗೆ ಬೇಡ, ಸೆಕೆ ಮಂಗಳೂರನ್ನು ನೆನಪಿಸುತ್ತದೆ. ಕಾರು ಬಾಡಿಗೆ ಹಿಡಿಯಬೇಡಿ, ಹೋಟೆಲಿನ ಪಾರ್ಕಿಂಗ್ ದುಡ್ಡಿನಲ್ಲಿ ಒಂದು ಹೊತ್ತಿನ ಊಟವಾಗುತ್ತದೆ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ನಾಲ್ಕೂ ಆಮ್‌ಟ್ರಾಕ್ ರೈಲಿನ ಒಂದೇ ಮಾರ್ಗದಲ್ಲಿವೆ. ನ್ಯೂಯಾರ್ಕಿನಲ್ಲಿ ನಡೆದು ಹಸಿವಾದರೆ 7ನೇ ನಂಬರಿನ ಸಬ್‌ವೇ ಹತ್ತಿ ಕೊನೆಯ ನಿಲ್ದಾಣ ಫ್ಲಷಿಂಗಿನಲ್ಲಿ ಇಳಿದು, ಚೀನೀಯರ ತರಕಾರಿ ಅಂಗಡಿಗಳ ನಡುವೆ ಬೌನ್ ಸ್ಟ್ರೀಟಿನವರೆಗೆ ನಡೆಯಿರಿ. 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನ ಅಲ್ಲಿದೆ, ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ.